ಬಸ್ರೂರಿನ ಬಂದರಿಗೆ ಚಂದ್ರನ ಎಳೆತ

ಬಸ್ರೂರು ಕಡಲ ತಡಿಯಲ್ಲಿಲ್ಲ, ಆದರೂ ಬಂದರಾಗಿತ್ತು. ಕುಂದಾಪುರದಿಂದ ಒಳಗೆ, ವಾರಾಹಿಯ ದಂಡೆಯ ಈ ಊರಿಗೆ ಹದಿನಾರನೇ ಶತಮಾನದಲ್ಲಿ ಮಲಬಾರಿನ ಹಡಗುಗಳು ಅಕ್ಕಿಗಾಗಿ ಬರುತ್ತಿದ್ದವು. ವಿಜಯನಗರ ಕಾಲದ ಶಾಸನಗಳಲ್ಲಿ ಇಲ್ಲಿನ ಪಡುವಕೇರಿ, ಮೂಡುಕೇರಿಗಳ ಹೆಸರಿದೆ. 1569ರಲ್ಲಿ ಪೋರ್ಚುಗೀಸರು ಕೋಟೆ ಹಿಡಿದರು. ಅರಸರು, ಸುಂಕ, ಕಾಳಗ ಎಲ್ಲವನ್ನೂ ನಾವು ಓದಿದ್ದೇವೆ. ಸರಕಿನ ದೋಣಿಯನ್ನು ಹೊಳೆಯಲ್ಲಿ ಮೇಲಕ್ಕೆ ಒಯ್ದ ಬಲದ ಬಗ್ಗೆ ಮಾತ್ರ ಓದಿದ್ದು ಕಡಿಮೆ.

ಅದನ್ನು ನಾನು ಕೇಳಿದ್ದು ಹೆಂಚಿನ ದೋಣಿ ನಡೆಸುತ್ತಿದ್ದ ಅಜ್ಜಯ್ಯನಿಂದ. "ನೀರ್ ಏರುವತಿಗೆ ಹೋಯ್ಕ್, ಇಳಿವತಿಗೆ ಬರ್ಕ್" ಅನ್ನುತ್ತಿದ್ದರು. ಹೊರಡುವ ಹೊತ್ತು ದಿನಕ್ಕೆ ಎರಡು ಗಳಿಗೆ ಮುಂದಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜೋರು, ಅಷ್ಟಮಿಗೆ ಸಪ್ಪೆ. ತುಂಬಿದ ದೋಣಿ ಒಮ್ಮೆ ಹೊರಟರೆ ತಾನಾಗಿ ನಿಲ್ಲದು, ಧಕ್ಕೆ ದೂರವಿರುವಾಗಲೇ ಗಳ ಊರಬೇಕು. ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಚಲನೆಯ ಮೊದಲ ನಿಯಮ ಹೇಳುವಾಗ ನಾನು ಕೊಡುತ್ತಿದ್ದದ್ದು ಇದೇ ಉದಾಹರಣೆ.

ಶಿವಾಜಿ ಹಡಗುಗಳೊಡನೆ ಬಸ್ರೂರಿನ ಮೇಲೆ ಬಿದ್ದದ್ದು 1665ರ ಫೆಬ್ರವರಿಯಲ್ಲಿ. ಅದೇ ವರ್ಷ ಪ್ಲೇಗಿನಿಂದ ಕೇಂಬ್ರಿಜ್ ಮುಚ್ಚಿತು. ಪದವಿ ಪಡೆದಿದ್ದ ಐಸಾಕ್ ನ್ಯೂಟನ್ ಹಳ್ಳಿಯ ಮನೆಗೆ ಹಿಂದಿರುಗಿ, ಚಂದ್ರನನ್ನು ಹಿಡಿದಿಟ್ಟಿರುವ ಬಲದ ಬಗ್ಗೆ ಯೋಚಿಸತೊಡಗಿದ. 1687ರ 'ಪ್ರಿನ್ಸಿಪಿಯಾ'ದಲ್ಲಿ ಉಬ್ಬರ ಇಳಿತಕ್ಕೂ ಕಾರಣ ಕೊಟ್ಟ. ಚಂದ್ರನತ್ತ ಇರುವ ನೀರಿಗೆ ಭೂಮಿಯ ನಡುವಿಗಿಂತ ಹೆಚ್ಚು ಎಳೆತ, ಆಚೆ ಬದಿಯ ನೀರಿಗೆ ಕಡಿಮೆ. ಹಾಗಾಗಿ ಎರಡೂ ಕಡೆ ಉಬ್ಬು, ದಿನಕ್ಕೆ ಎರಡು ಉಬ್ಬರ. ಸೂರ್ಯ ಎಷ್ಟೇ ದೊಡ್ಡವನಾದರೂ ದೂರದವನು. ಅವನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗೆ ಎರಡೂ ಕೂಡುತ್ತವೆ. ಅಷ್ಟಮಿಗೆ ಒಂದು ಇನ್ನೊಂದನ್ನು ಕಳೆಯುತ್ತದೆ. ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ನೀರೂ ತಡ. ಅಜ್ಜಯ್ಯನ ಎರಡು ಗಳಿಗೆ ಎಂದರೆ 48 ನಿಮಿಷ!

ದೋಣಿಯವರಿಗೆ ಕಾರಣ ಗೊತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಅವರ ಬಳಿ ಇದ್ದದ್ದು ತಲೆಮಾರುಗಳಿಂದ ಬಂದ ಖಚಿತವಾದ ಲೆಕ್ಕ. ಆ ಲೆಕ್ಕ ತಪ್ಪಿದ್ದರೆ ಬಸ್ರೂರಿನ ಅಕ್ಕಿ ಹೊಳೆಯಲ್ಲೇ ಕಾಯಬೇಕಿತ್ತು. ರಸ್ತೆ, ಸೇತುವೆಗಳಾದ ಮೇಲೆ ಹೊಳೆಯ ಸಾಗಾಟ ನಿಂತಿತು, ಅದರೊಡನೆ ಈ ತಿಳಿವಳಿಕೆಯನ್ನು ಮಕ್ಕಳಿಗೆ ದಾಟಿಸುವವರೂ ಕಡಿಮೆಯಾದರು. ನ್ಯೂಟನ್ನನ ನಿಯಮದಿಂದ ಸೂರ್ಯ ಚಂದ್ರರ ಸ್ಥಾನವನ್ನು ಹಿಂದಕ್ಕೂ ಲೆಕ್ಕ ಹಾಕಬಹುದು. ಶಿವಾಜಿಯ ಹಡಗುಗಳು ಬಂದ ದಿನ ಅಳಿವೆಯಲ್ಲಿ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಬಸ್ರೂರಿನ ಇತಿಹಾಸ ಬರೆಯುವವರು ಅದನ್ನೂ ಲೆಕ್ಕ ಹಾಕಿ ಬರೆಯಬೇಕು.