ಕೊಕ್ಕರೆ ರೋಗ: ಊರು ಎರಡು, ಗುಂಪು ಇಪ್ಪತ್ತು

ಕೋಳಿ ಮಂಕಾಗಿ ಕೂರುತ್ತದೆ, ಹಸಿರು ಭೇದಿ ಮಾಡುತ್ತದೆ, ಕತ್ತು ತಿರುಚುತ್ತದೆ. ಕೆಲವೇ ದಿನಗಳಲ್ಲಿ ಗೂಡೇ ಬರಿದಾಗುತ್ತದೆ. ವಿಜಯಪುರದ ಓಣಿಗಳಲ್ಲಿರಲಿ, ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿರಲಿ, ಜವಾರಿ ಕೋಳಿ ಸಾಕಿದ ಮನೆಗಳಿಗೆ ಇಂಥ ನಷ್ಟ ತರಬಲ್ಲ ಬೇನೆ ಕೊಕ್ಕರೆ ರೋಗ. ಪಶುವೈದ್ಯರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ.

1926ರಲ್ಲಿ ಈ ರೋಗ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡಿತು. ಜಗತ್ತು ಅದಕ್ಕೆ ನ್ಯೂಕ್ಯಾಸಲ್ ಹೆಸರಿಟ್ಟಿತು. ಅದೇ ದಶಕದಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲೂ ರೋಗ ಪತ್ತೆಯಾಗಿ, ಭಾರತದಲ್ಲಿ ಆ ಊರಿನ ಹೆಸರೇ ಉಳಿಯಿತು. ಲಸಿಕೆಯೂ ಅದೇ ಕುಮಾಯೂನ್ ಬೆಟ್ಟಗಳಿಂದ ಬಂತು. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ 1893ರಲ್ಲಿ ಮುಕ್ತೇಶ್ವರಕ್ಕೆ ಹೋದ ಪಶುರೋಗ ಸಂಶೋಧನಾಲಯದ ವಿಜ್ಞಾನಿಗಳು 1940ರ ದಶಕದಲ್ಲಿ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಉಗ್ರತೆಯನ್ನು ತಗ್ಗಿಸಿದರು. ಇಂದಿಗೂ ಬಳಕೆಯಲ್ಲಿರುವ ಆರ್2ಬಿ ಲಸಿಕೆ ಆ ಮುಕ್ತೇಶ್ವರ ತಳಿಯದೇ.

ಆದರೆ ಹೊರಗಿನ ವೈರಸ್ ಇದ್ದಂತೆ ಇರಲಿಲ್ಲ. ಅದರ ಆರ್‌ಎನ್‌ಎ ನಕಲಾಗುವಾಗ ಸಣ್ಣ ತಪ್ಪುಗಳು ನುಸುಳುತ್ತವೆ. ಅವು ಕೂಡುತ್ತ ಹೋದಂತೆ ಹೊಸ ಶಾಖೆಗಳು ಒಡೆಯುತ್ತವೆ. ಉಗ್ರ ತಳಿಗಳು ಹೆಚ್ಚಾಗಿರುವ ಎರಡನೆಯ ವರ್ಗದಲ್ಲೇ ಕನಿಷ್ಠ 20 ವಂಶವಾಹಿ ಗುಂಪುಗಳಿವೆ ಎಂದು ವಿಜ್ಞಾನಿಗಳು 2019ರಲ್ಲಿ ಪಟ್ಟಿ ಮಾಡಿದರು. ಮುಕ್ತೇಶ್ವರ ತಳಿ 3ನೆಯ ಗುಂಪಿಗೆ ಸೇರಿದ್ದು. ಇತ್ತೀಚಿನ ದಶಕಗಳಲ್ಲಿ ಭಾರತದ ಕೋಳಿಗಳಲ್ಲಿ ಹೆಚ್ಚಾಗಿ ಸಿಕ್ಕಿರುವುದು 13ನೆಯ ಗುಂಪು.

ಹಾಗಾದರೆ ಹಳೆಯ ಲಸಿಕೆ ವ್ಯರ್ಥವೇ? ಖಂಡಿತ ಅಲ್ಲ. ವಂಶವಾಹಿ ಎಷ್ಟೇ ಬದಲಾದರೂ ಕೋಳಿಯ ದೇಹ ಈ ವೈರಸ್ಸುಗಳನ್ನು ಒಂದೇ ಜಾತಿಯೆಂದು ಗುರುತಿಸುತ್ತದೆ. ಸರಿಯಾಗಿ ಲಸಿಕೆ ಬಿದ್ದ ಕೋಳಿ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಅದಕ್ಕೂ ಸೋಂಕು ತಗುಲಬಹುದು, ಹಿಕ್ಕೆಯಲ್ಲಿ ವೈರಸ್ ಹೊರಬೀಳಬಹುದು. ಪಕ್ಕದ ಮನೆಯ ಲಸಿಕೆ ಕಾಣದ ಕೋಳಿಗೆ ಅಷ್ಟೇ ಸಾಕು.

ಹಿತ್ತಲ ಕೋಳಿ ಸೋಲುವುದು ಇಲ್ಲಿಯೇ. ಆರರಿಂದ ಎಂಟು ವಾರದ ಮರಿಗೆ ಚುಚ್ಚುವ ಈ ಲಸಿಕೆ ನೂರು ಅಥವಾ ಹೆಚ್ಚು ಕೋಳಿಗಳಿಗೆ ಸಾಲುವ ಸೀಸೆಯಲ್ಲಿ ಬರುತ್ತದೆ. ಅದನ್ನು ತಂಪಿನಲ್ಲಿಡಬೇಕು, ಕರಗಿಸಿದ ಮೇಲೆ ಬೇಗನೆ ಮುಗಿಸಬೇಕು. ಆರು ಕೋಳಿಗಳ ಮನೆಗಾಗಿ ಸೀಸೆ ಒಡೆಯುವವರು ಯಾರು? ನಸುಕಿನಲ್ಲಿ ಗೂಡು ತೆರೆಯುವ ಮುನ್ನ ಇಡೀ ಓಣಿಯ ಕೋಳಿಗಳಿಗೆ ಒಂದೇ ದಿನ ಚುಚ್ಚಿಸುವುದು ಇದಕ್ಕಿರುವ ದಾರಿ. ಸಂತೆಯಿಂದ ತಂದ ಕೋಳಿಯನ್ನು ಕೆಲವು ದಿನ ಬೇರೆ ಕಟ್ಟಿಹಾಕುವುದು ಇನ್ನೊಂದು. ಹೊಸ ಗುಂಪುಗಳ ಮೇಲೆ ಪ್ರಯೋಗಾಲಯಗಳು ಕಣ್ಣಿಡಲೇಬೇಕು. ಓಣಿಯವರು ಅದಕ್ಕಾಗಿ ಕಾಯಬೇಕಿಲ್ಲ.