ಅದೇ ಗಾಡಿ ಹೌದೋ ಅಲ್ಲೋ?

ನಮ್ಮ ಮುತ್ತ್ಯಾನ ಚಕ್ಕಡಿಯ ಗಾಲಿಗಳು ಎರಡು ಸಲ ಬದಲಾಗಿವೆ, ನೊಗ ಮೂರು ಸಲ. ಕಬ್ಬಿಣದ ಅಚ್ಚೊಂದೇ ಹಳೇದು. ಆದರೂ ಮನ್ಯಾಗ ಎಲ್ಲರೂ ಅದಕ್ಕ ‘ಮುತ್ತ್ಯಾನ ಚಕ್ಕಡಿ’ ಅಂತಾರ. ಯಾರೂ ತಕರಾರು ತೆಗೆದಿಲ್ಲ, ಯಾಕಂದರ ಅದನ್ನು ಕೋಟಿಗಟ್ಟಲೆ ರೊಕ್ಕ ಕೊಟ್ಟು ಕೊಳ್ಳಲು ಯಾರೂ ಬಂದಿಲ್ಲ. ಇಂಗ್ಲೆಂಡಿನಲ್ಲಿ ಹಳೇ ರೇಸ್ ಮೋಟಾರೊಂದಕ್ಕೆ ಅಂಥ ಗಿರಾಕಿ ಬಂದಾಗ ಈ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅದನ್ನು ಕಡೆಗೆ ಹೇಳುತ್ತೇನೆ.

ಜಯಸಿಂಗಪುರದಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವಾಗ ನಾವು ಚಾಸಿ ನಂಬರು, ಇಂಜಿನ್ ನಂಬರು ನೋಡಿ ಆರ್‌ಸಿ ಪುಸ್ತಕಕ್ಕೆ ತಾಳೆ ಹಾಕುತ್ತೇವೆ. ನೂರು ವರ್ಷದ ಹಿಂದಿನ ರೇಸ್ ಮೋಟಾರುಗಳ ವಿಷಯ ಅಷ್ಟು ಸಲೀಸಲ್ಲ. ಒಂದು ಓಟಕ್ಕೆ ಒಂದು ಇಂಜಿನ್, ಮುಂದಿನ ಓಟಕ್ಕೆ ಇನ್ನೊಂದು. ಮುರಿದ ಎರಡು ಗಾಡಿ ಸೇರಿಸಿ ಒಂದು ಮಾಡಿದ್ದೂ ಉಂಟು. ಅದಕ್ಕೇ ಇವುಗಳ ಮೂಲ ಹುಡುಕುವವರು ಕಾರ್ಖಾನೆಯ ದಫ್ತರ ತೆಗೆಸುತ್ತಾರೆ, ಹಳೇ ಫೋಟೋದಲ್ಲಿ ಬಾನೆಟ್ಟಿನ ಮೊಳೆಗಳನ್ನು ಭೂತಗನ್ನಡಿ ಹಿಡಿದು ಎಣಿಸುತ್ತಾರೆ.

ಕೊಲ್ಹಾಪುರದ ದಸರೆಗೆ ಹೋದವರು ಛತ್ರಪತಿ ಮನೆತನದ ಮೇಬ್ಯಾಕ್ ಮೋಟಾರು ನೋಡಿರಬಹುದು. ಈ ಜರ್ಮನ್ ಕಂಪನಿ ಮೊದಲು ಮೋಟಾರು ಮಾಡುತ್ತಿರಲಿಲ್ಲ. 1909ರಲ್ಲಿ ಶುರುವಾದದ್ದು ಆಕಾಶದಲ್ಲಿ ತೇಲುವ ಜೆಪ್ಪೆಲಿನ್ ಹಡಗುಗಳ ಇಂಜಿನ್ನಿಗಾಗಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಂಥದೊಂದು ಇಂಜಿನ್ ಇಂಗ್ಲೆಂಡಿನ ಕೌಂಟ್ ಲೂಯಿ ಜ್ಬೊರೋವ್‌ಸ್ಕಿ ಎಂಬ ಶ್ರೀಮಂತ ಹುಡುಗನ ಕೈಗೆ ಬಂತು. ಅವನು ಅದನ್ನು ಹಳೇ ಮರ್ಸಿಡಿಸ್ ಚಾಸಿಯ ಮೇಲೆ ಕೂರಿಸಿ 1921ರಲ್ಲಿ ಬ್ರೂಕ್‌ಲ್ಯಾಂಡ್ಸ್ ಮೈದಾನದಲ್ಲಿ ಓಡಿಸಿ ಗೆದ್ದ. ಹೆಸರು ‘ಚಿಟ್ಟಿ ಬ್ಯಾಂಗ್ ಬ್ಯಾಂಗ್’. ಇಂಜಿನ್ 23 ಲೀಟರಿನದು. ನಮ್ಮ 100 ಸಿಸಿ ಬೈಕು 230 ಕೂಡಿಸಿದಷ್ಟು! 1924ರಲ್ಲಿ ಇಟಲಿಯ ಮೊಂಜಾ ಓಟದಲ್ಲಿ ಅವನು ತೀರಿಕೊಂಡ. ಚಿಟ್ಟಿ ಷೆರ್ಲಾಕ್ ಹೋಮ್ಸ್ ಕತೆ ಬರೆದ ಕೊನನ್ ಡಾಯ್ಲ್ ಅವರ ಮಕ್ಕಳ ಪಾಲಾಗಿ, ಕಡೆಗೆ ಬಿಡಿಭಾಗಕ್ಕಾಗಿ ಬಿಚ್ಚಿಹೋಯಿತು.

ಅವನದೇ ಇನ್ನೊಂದು ಮೋಟಾರಿನ ಗತಿ ಬೇರೆ. ಅದರ ಇಂಜಿನ್ 27 ಲೀಟರಿನದು. ಪ್ಯಾರಿ ಥಾಮಸ್ ಎಂಬ ಇಂಜಿನಿಯರ್ 125 ಪೌಂಡಿಗೆ ಕೊಂಡು ‘ಬಾಬ್ಸ್’ ಎಂದು ಹೆಸರಿಟ್ಟ. 1926ರಲ್ಲಿ ವೇಲ್ಸ್ ನಾಡಿನ ಪೆಂಡೈನ್ ಎಂಬ ಸಮುದ್ರದಂಡೆಯಲ್ಲಿ ತಾಸಿಗೆ ಸುಮಾರು 275 ಕಿಲೋಮೀಟರ್ ಓಡಿಸಿ ಜಾಗತಿಕ ದಾಖಲೆ ಮಾಡಿದ. ಮರುವರ್ಷ ಮಾರ್ಚ್ 3ರಂದು ಅಲ್ಲೇ ಅದೇ ಮೋಟಾರಿನಲ್ಲಿ ಸತ್ತ. ಗೆಳೆಯರು ಬಾಬ್ಸನ್ನು ಅಲ್ಲೇ ಉಸುಕಿನಲ್ಲಿ ಹೂತರು. 1969ರಲ್ಲಿ ಓವೆನ್ ವಿನ್ ಓವೆನ್ ಅಂಬಾತ ಅಗೆದು ತೆಗೆದು, ವರ್ಷಗಟ್ಟಲೆ ದುಡಿದು ಮತ್ತೆ ಓಡಿಸಿದ. ತುಕ್ಕು ತಿಂದಿತ್ತು ನಿಜ. ಆದರ ಇದು ಬಾಬ್ಸ್ ಹೌದೋ ಅಲ್ಲೋ ಅಂತ ಯಾರು ಕೇಳಬೇಕು? 42 ವರ್ಷ ಅದರ ಒಂದು ಬೋಲ್ಟನ್ನೂ ಯಾರೂ ಬದಲಿಸಿರಲಿಲ್ಲ.

ಇನ್ನು ಕೋರ್ಟಿನ ಮಾತು. ಬೆಂಟ್ಲಿ ಕಂಪನಿಯ ‘ಓಲ್ಡ್ ನಂಬರ್ ವನ್’ ಫ್ರಾನ್ಸಿನ ಲ ಮಾನ್‌ನ 24 ತಾಸಿನ ಓಟವನ್ನು 1929ರಲ್ಲಿ, 1930ರಲ್ಲಿ ಎರಡೂ ಸಲ ಗೆದ್ದ ಮೋಟಾರು. ಆಮೇಲೆ ಅದಕ್ಕೆ ದೊಡ್ಡ ಇಂಜಿನ್ ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅದು ದಿಬ್ಬ ದಾಟಿ ಬಿದ್ದು ಕ್ಲೈವ್ ಡನ್‌ಫೀ ಸತ್ತ. ಮುಂದೆ ಅದಕ್ಕೆ ರಸ್ತೆ ಮೋಟಾರಿನ ಮೈ ಕಟ್ಟಿದರು. 1990ರಲ್ಲಿ 1 ಕೋಟಿ ಪೌಂಡಿಗೆ ಮಾತಾಯಿತು. ಆಮೇಲೆ ಕೊಳ್ಳುವವರು ‘ಇದು ಆ ಗಾಡಿಯೇ ಅಲ್ಲ’ ಎಂದು ಹಿಂಜರಿದರು. ನ್ಯಾಯಮೂರ್ತಿ ಆಟನ್ ಅವರು ಒಂದೊಂದೇ ಭಾಗದ ಚರಿತ್ರೆ ಕೆದಕಿದರು. 1929ರ ಸಾಮಾನು ಏನೇನೂ ಉಳಿದಿಲ್ಲವೆನ್ನುವಷ್ಟು ಕಡಿಮೆ. ಆದರೂ ಗಾಡಿಯ ಬಾಳು ನಡುವೆ ಎಲ್ಲೂ ಕಡಿದಿಲ್ಲ, ಇದರ ಬದಲು ತಾನೇ ಅದು ಅನ್ನುವ ಬೇರೊಂದು ಗಾಡಿಯೂ ಇಲ್ಲ. ಆದ್ದರಿಂದ ಇದೇ ಅಸಲಿ ಎಂದು ತೀರ್ಪು ಕೊಟ್ಟರು. ನನಗಂತೂ ಸರಿ ಅನ್ನಿಸುತ್ತದೆ, ಒಪ್ಪದವರೂ ಇದ್ದಾರೆ.

ಈ ಲೆಕ್ಕ ಹಿಡಿದರ ನಮ್ಮ ಚಕ್ಕಡಿನೂ ಗೆಲ್ತದ. ಆದರ ನಡುವೆ ಕಡಿದಿಲ್ಲ ಅಂತ ತೋರಸೋದು ಹ್ಯಾಂಗ? ಮನೆಯ ಕಾಗದಪತ್ರ 2019ರ ಮಹಾಪೂರದಾಗ ತೊಯ್ದು ಮುದ್ದೆಯಾದವು. ಯಾವ ಗಾಲಿ ಯಾವಾಗ ಬದಲಾತು ಅಂತ ಬಲ್ಲಾಕಿ ಈಗ ನಮ್ಮ ಸೋದರತ್ತಿ ಒಬ್ಬಾಕಿನ. ಹೋದ ವಾರ ಆಕಿ ಮುಂದ ವಹಿ ಹಿಡಿದು ಕೂತೆ. ಎಡಗಾಲಿ ಮೊದಲ ಸಲ ಬದಲಾದದ್ದು ಆಕಿಯ ಮದುವೆಯ ವರ್ಷವಂತೆ. ಬಲಗಾಲಿಯದು ನೆನಪಾಗವಲ್ದು, ನಾಳೆ ಮತ್ತ ಬಾ ಅಂದಾಳ.