ಕಿಸೆ ಚಾಕುಗಳ ಸಂಗ್ರಹ: ನಿತ್ಯೋಪಯೋಗಿ ವಸ್ತು ಅಪರೂಪವಾದ ಬಗೆ

ಮಡಚಿ ಕಿಸೆಗೆ ಹಾಕಿಕೊಳ್ಳುವ ಹಳೆಯ ಮಾದರಿಯ ಚಾಕುಗಳನ್ನು ಸಂಗ್ರಹಿಸುವುದು ಅಮೆರಿಕ, ಬ್ರಿಟನ್, ಫ್ರಾನ್ಸ್, ಜಪಾನ್ ಮೊದಲಾದ ದೇಶಗಳಲ್ಲಿ ಬೇರೂರಿರುವ ಹವ್ಯಾಸ. ಅಂಚೆಚೀಟಿ, ನಾಣ್ಯ, ಫೌಂಟನ್ ಪೆನ್ನುಗಳ ಸಂಗ್ರಾಹಕರಂತೆಯೇ ಇವರಿಗೂ ಸಂಘಗಳಿವೆ, ಮೇಳಗಳಿವೆ, ಬೆಲೆಪಟ್ಟಿಯ ಪುಸ್ತಕಗಳಿವೆ. ನಮ್ಮಲ್ಲಿ ಚಾಕು ಎಂದೊಡನೆ ಒಂದೋ ಅಡುಗೆಮನೆ, ಇಲ್ಲವೇ ಅಪರಾಧ ಸುದ್ದಿಯ ಅಂಕಣ ನೆನಪಾಗುವುದರಿಂದ ಈ ಹವ್ಯಾಸ ವಿಚಿತ್ರವೆನಿಸಬಹುದು. ಆದರೆ ಅಮೆರಿಕದ ಗ್ರಾಮೀಣ ಪ್ರದೇಶಗಳಲ್ಲಿ ಬಹುಕಾಲ ಕಿಸೆ ಚಾಕುವಿಗಿದ್ದ ಸ್ಥಾನ ನಮ್ಮ ಮಲೆನಾಡಿನ ಕೃಷಿಕನ ಸೊಂಟದ ಕತ್ತಿಗೆ ಇರುವಂಥದ್ದು. ಹಗ್ಗ ಕತ್ತರಿಸುವುದು, ಹಣ್ಣು ಸುಲಿಯುವುದು, ಕಡ್ಡಿ ಕೆತ್ತುವುದು, ಅಷ್ಟೇ ಏಕೆ, ಜಾನುವಾರುಗಳ ಬೀಜ ಒಡೆಯುವುದು ಕೂಡ ಅದರ ಕೆಲಸವಾಗಿತ್ತು. ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ‘ಟಾಮ್ ಸಾಯರ್’ ಕಾದಂಬರಿಯಲ್ಲಿ ಬಾಲಕ ಟಾಮ್‌ನನ್ನು ಹಿಗ್ಗಿಸುವ ಉಡುಗೊರೆ ಒಂದು ಬಾರ್ಲೋ ಚಾಕು. ಆ ಮಾದರಿ ಇಂದಿಗೂ ತಯಾರಾಗುತ್ತಿದೆ.

ನಡೆ ಮತ್ತು ನುಡಿ

‘ಸಾಂಪ್ರದಾಯಿಕ’ ಎಂಬ ವಿಶೇಷಣಕ್ಕೆ ಇಲ್ಲಿ ನಿಶ್ಚಿತ ಅರ್ಥವಿದೆ. ಇಂತಹ ಬಹುತೇಕ ಚಾಕುಗಳಿಗೆ ಬೀಗ ಇರುವುದಿಲ್ಲ. ಹಿಡಿಯ ಬೆನ್ನುದ್ದಕ್ಕೂ ಚಾಚಿರುವ ಗಟ್ಟಿಯಾದ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಅಲಗಿನ ಮೈಮೇಲಿನ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ ಎಳೆದಾಗ ಸ್ಪ್ರಿಂಗ್ ಮೇಲೆದ್ದು, ಅಲಗು ಪೂರ್ತಿ ತೆರೆದೊಡನೆ ಬುಡದ ಸಮತಟ್ಟಾದ ಅಂಚಿನ ಮೇಲೆ ‘ಟಕ್’ ಎಂದು ಕೂರುತ್ತದೆ. ಹಿಂಬದಿಯಿಂದ ಬಲವಾಗಿ ಒತ್ತಿದರೆ ಅಲಗು ಬೆರಳಿನ ಮೇಲೆಯೇ ಮುಚ್ಚಿಕೊಳ್ಳುವ ಅಪಾಯವಿದೆ. ಆದ್ದರಿಂದ ಇದು ಚುಚ್ಚುವ ಸಾಧನವಲ್ಲ, ಕೊಯ್ಯುವ ಸಾಧನ ಮಾತ್ರ.

ಅಲಗು ತಡೆಯಿಲ್ಲದೆ ತಿರುಗುವ ಬಗೆಯನ್ನು ಸಂಗ್ರಾಹಕರು ಇಂಗ್ಲಿಷಿನಲ್ಲಿ ಚಾಕುವಿನ ನಡೆಯೆಂದೂ, ಅದು ಕೂರುವಾಗ ಕೇಳುವ ಸದ್ದನ್ನು ಅದರ ನುಡಿಯೆಂದೂ ಕರೆಯುತ್ತಾರೆ. ಮನುಷ್ಯನ ಗುಣ ಅಳೆಯಲು ಕನ್ನಡ ಬಳಸುವ ಜೋಡಿಪದವೇ ಅಲ್ಲಿ ಉಕ್ಕಿನ ಗುಣ ಅಳೆಯಲು ಬಳಕೆಯಾಗುತ್ತಿರುವುದು ಕುತೂಹಲಕರ. ಇದಲ್ಲದೆ ಸ್ಪ್ರಿಂಗ್ ಮತ್ತು ಹಿತ್ತಾಳೆ ತಗಡಿನ ನಡುವೆ ಬೆಳಕು ತೂರುವ ಸಂದಿಲ್ಲದಿರುವುದು, ಅಲಗು ಅಕ್ಕಪಕ್ಕ ಅಲುಗಾಡದಿರುವುದು, ಮುಚ್ಚಿದಾಗ ಎರಡೂ ಹಿಡಿಗಳ ನಟ್ಟನಡುವೆ ಕೂರುವುದು ಒಳ್ಳೆಯ ಕೆಲಸದ ಲಕ್ಷಣಗಳು. ಯಂತ್ರಗಳು ಬಿಡಿಭಾಗಗಳನ್ನು ಕತ್ತರಿಸಿಕೊಟ್ಟರೂ ಜೋಡಿಸಿ, ತಟ್ಟಿ, ಉಜ್ಜಿ ಹೊಂದಿಸುವ ಕೆಲಸವನ್ನು ಇಂದಿಗೂ ನುರಿತ ಕೈಗಳೇ ಮಾಡಬೇಕಾಗಿದೆ. ಮುಂದೆ ಹೇಳಲಿರುವ ಅಭಾವದ ಮೂಲ ಇರುವುದು ಇಲ್ಲಿಯೇ.

ಶೆಫೀಲ್ಡ್‌ನಿಂದ ಬ್ರಾಡ್‌ಫರ್ಡ್‌ಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನ ಮಾರುಕಟ್ಟೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಡಿತದಲ್ಲಿತ್ತು. ಅಲ್ಲಿನ ಜೋಸೆಫ್ ರಾಜರ್ಸ್ ಸಂಸ್ಥೆ 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ 75 ಅಲಗುಗಳ ‘ನಾರ್ಫೋಕ್ ಚಾಕು’ವನ್ನು ತಯಾರಿಸಿತ್ತು. 1890ರಲ್ಲಿ ಅಮೆರಿಕ ಮೆಕಿನ್ಲಿ ಸುಂಕ ಕಾಯ್ದೆಯ ಮೂಲಕ ಆಮದಿನ ಮೇಲೆ ಭಾರಿ ತೆರಿಗೆ ಹೇರಿದಾಗ ಶೆಫೀಲ್ಡ್‌ನ ಅಮೆರಿಕದ ವ್ಯಾಪಾರಕ್ಕೆ ಪೆಟ್ಟು ಬಿತ್ತು, ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾ ರಾಜ್ಯಗಳಲ್ಲಿ ಚಾಕು ಕಾರ್ಖಾನೆಗಳು ತಲೆಯೆತ್ತಿದವು. ಕೇಸ್ ಸಹೋದರರು ನ್ಯೂಯಾರ್ಕ್ ರಾಜ್ಯದ ಲಿಟಲ್ ವ್ಯಾಲಿಯಲ್ಲಿ 1889ರಲ್ಲಿ ಆರಂಭಿಸಿದ ಚಾಕು ವ್ಯಾಪಾರ ಮುಂದೆ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನಲ್ಲಿ ‘ಡಬ್ಲ್ಯು.ಆರ್. ಕೇಸ್ ಅಂಡ್ ಸನ್ಸ್’ ಆಗಿ ನೆಲೆಯೂರಿತು. 1993ರಲ್ಲಿ ಅದೇ ಊರಿನ ಸಿಗರೇಟ್ ಲೈಟರ್ ತಯಾರಕ ಜಿಪ್ಪೋ ಅದನ್ನು ಖರೀದಿಸಿತು.

ಸಂಗ್ರಾಹಕರಿಗೆ ಕೇಸ್ ಚಾಕುಗಳು ಅಚ್ಚುಮೆಚ್ಚಾಗಲು ಮುಖ್ಯ ಕಾರಣ ಅಲಗಿನ ಬುಡದ ಮೇಲಿನ ಮುದ್ರೆ. ‘ಎಕ್ಸ್ ಎಕ್ಸ್’ ಎಂಬ ಜೋಡಿ ಗುರುತು ಉಕ್ಕಿಗೆ ಎರಡು ಬಾರಿ ಹದ ಕೊಟ್ಟಿರುವುದನ್ನು ಸೂಚಿಸುತ್ತದೆ. ಸಂಖ್ಯೆಗಳಿಗೂ ಅರ್ಥವಿದೆ. 6254 ಎಂದಿದ್ದರೆ ಮೊದಲ 6 ಎಂಬುದು ಕಚ್ಚು ಹಾಕಿದ ಮೂಳೆಯ ಹಿಡಿ, 2 ಎಂಬುದು ಅಲಗುಗಳ ಸಂಖ್ಯೆ, 54 ಎಂಬುದು ‘ಟ್ರ್ಯಾಪರ್’ ಮಾದರಿ. ಹಿಡಿ ಹಳದಿ ಬಣ್ಣದ ಕೃತಕ ವಸ್ತುವಿನದಾದರೆ ಸಂಖ್ಯೆ 3ರಿಂದ ಆರಂಭವಾಗುತ್ತದೆ, ಜಿಂಕೆಯ ಕೊಂಬಿನದಾದರೆ 5ರಿಂದ.

1970ರಲ್ಲಿ ಕಂಪನಿ ಮುದ್ರೆಯ ಕೆಳಗೆ ಹತ್ತು ಚುಕ್ಕಿಗಳನ್ನು ಸೇರಿಸಿತು. ಮರುವರ್ಷ ಒಂಬತ್ತು, ಅದರ ಮರುವರ್ಷ ಎಂಟು, ಹೀಗೆ ವರ್ಷಕ್ಕೊಂದು ಚುಕ್ಕಿ ಕಡಿಮೆಯಾಗುತ್ತಾ 1979ರಲ್ಲಿ ಒಂದೇ ಉಳಿಯಿತು. ಮುಂದಿನ ದಶಕಗಳಲ್ಲಿ ಮುದ್ರೆಯ ವಿನ್ಯಾಸ ಬದಲಾದರೂ ವರ್ಷವನ್ನು ಗುರುತಿಸುವ ಪದ್ಧತಿ ಮುಂದುವರಿಯಿತು. ಇದರ ಪರಿಣಾಮ ದೊಡ್ಡದು. ನೋಡಲು ಒಂದೇ ರೀತಿಯ ಹತ್ತು ಚಾಕುಗಳು ಚುಕ್ಕಿಯ ಲೆಕ್ಕದಲ್ಲಿ ಹತ್ತು ಬೇರೆ ವಸ್ತುಗಳಾದವು. ಮುಗಿದ ವರ್ಷದ ಚಾಕುವನ್ನು ಕಂಪನಿಯೂ ಮತ್ತೆ ತಯಾರಿಸಲಾರದು. ಹಳೆಯ ಮುದ್ರೆಯ ಚಾಕುಗಳಿಗಾಗಿ ಜನ ಹಳ್ಳಿಯ ಹಾರ್ಡ್‌ವೇರ್ ಅಂಗಡಿಗಳನ್ನು ಜಾಲಾಡತೊಡಗಿದರು. 1968ರ ಬಂದೂಕು ನಿಯಂತ್ರಣ ಕಾಯ್ದೆಯ ನಂತರ ಬಂದೂಕು ಮೇಳಗಳ ವ್ಯಾಪಾರಿಗಳಲ್ಲಿ ಹಲವರು ಚಾಕುಗಳತ್ತ ಹೊರಳಿದ್ದೂ ಇದಕ್ಕೆ ಇಂಬು ಕೊಟ್ಟಿತೆನ್ನಲಾಗುತ್ತದೆ. 1981ರಲ್ಲಿ ಕೇಸ್ ಸಂಗ್ರಾಹಕರ ಸಂಘವೇ ಸ್ಥಾಪನೆಯಾಯಿತು. ಮರುವರ್ಷ ರೆಮಿಂಗ್ಟನ್ ಕಂಪನಿ 1920ರ ದಶಕದ ತನ್ನ ‘ಬುಲೆಟ್’ ಚಾಕುವನ್ನು ಪುನಃ ಹೊರತಂದು, ಬಳಿಕ ವರ್ಷಕ್ಕೊಂದು ಮಾದರಿಯ ಪರಂಪರೆಯನ್ನೇ ಆರಂಭಿಸಿತು. ಮಿತ ಬಿಡುಗಡೆ ಆಕಸ್ಮಿಕವಾಗಿ ಉಳಿಯದೆ ವ್ಯಾಪಾರನೀತಿಯಾದದ್ದು ಹೀಗೆ.

ಮುಚ್ಚಿದ ಬಾಗಿಲುಗಳು, ತೆರೆದ ಒಂದು ಬಾಗಿಲು

ಹವ್ಯಾಸ ಬೆಳೆದಷ್ಟು ಉದ್ಯಮ ಬಾಳಲಿಲ್ಲ. ಅಗ್ಗದ ಆಮದು, ಒಂದೇ ಕೈಯಲ್ಲಿ ತೆರೆಯಬಹುದಾದ ಬೀಗದ ಚಾಕುಗಳು ಮತ್ತು ನಗರ ಜೀವನ ಸೇರಿ ಹಳೆಯ ಕಾರ್ಖಾನೆಗಳನ್ನು ಕೆಡವಿದವು. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಇಂಪೀರಿಯಲ್ ಶ್ರೇಡ್ 2004ರಲ್ಲಿ ಮುಚ್ಚಿತು. ಕ್ಯಾಮಿಲಸ್ 2007ರಲ್ಲಿ ಬಾಗಿಲು ಹಾಕಿತು. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಪಟ್ಟಣದಲ್ಲಿ 1922ರಿಂದ ನಡೆಯುತ್ತಿದ್ದ ಕ್ವೀನ್ ಕಟ್ಲರಿ 2018ರಲ್ಲಿ ಸ್ಥಗಿತಗೊಂಡಿತು.

ಅಚ್ಚರಿಯೆಂದರೆ ಇದೇ ಕುಸಿತದ ನಡುವೆ, ಇದೇ ಟೈಟಸ್‌ವಿಲ್‌ನಲ್ಲಿ, 2006ರಲ್ಲಿ ಬಿಲ್ ಹೋವರ್ಡ್ ಮತ್ತು ಕೆನ್ ಡೇನಿಯಲ್ಸ್ ಎಂಬುವರು ‘ಗ್ರೇಟ್ ಈಸ್ಟರ್ನ್ ಕಟ್ಲರಿ’ಯನ್ನು ಸ್ಥಾಪಿಸಿದರು. 1859ರಲ್ಲಿ ಎಡ್ವಿನ್ ಡ್ರೇಕ್ ತೈಲಬಾವಿ ಕೊರೆದು ಚರಿತ್ರೆಗೆ ಸೇರಿದ ಊರು ಇದು. ತುಕ್ಕು ನಿರೋಧಕವಲ್ಲದ 1095 ಎಂಬ ಇಂಗಾಲದ ಉಕ್ಕು, ಮೂಳೆ ಮತ್ತು ಮರದ ಹಿಡಿ, ಶತಮಾನದ ಹಿಂದಿನ ವಿನ್ಯಾಸ, ನಾರ್ತ್‌ಫೀಲ್ಡ್ ಮತ್ತು ಟಿಡಿಯೂಟ್ ಎಂಬ ಗತಕಾಲದ ಬ್ರಾಂಡ್ ಹೆಸರುಗಳು: ಮಾರುಕಟ್ಟೆ ತಿರಸ್ಕರಿಸಿದ್ದೆಲ್ಲವನ್ನೂ ಈ ಕಾರ್ಖಾನೆ ಬಂಡವಾಳ ಮಾಡಿಕೊಂಡಿತು.

ಅದರ ಕೆಲಸದ ಕ್ರಮವೇ ಮಿತ ಬಿಡುಗಡೆಯ ಯಂತ್ರ. ಸಣ್ಣ ಕಾರ್ಖಾನೆ ಹತ್ತಾರು ಮಾದರಿಗಳನ್ನು ಏಕಕಾಲಕ್ಕೆ ತಯಾರಿಸುವುದಿಲ್ಲ. ಒಂದು ಮಾದರಿಯನ್ನು ಕೈಗೆತ್ತಿಕೊಂಡು, ಹಲವು ಬಗೆಯ ಹಿಡಿ ಹಾಕಿ, ಆ ತಂಡ ಮುಗಿದೊಡನೆ ಮುಂದಿನದಕ್ಕೆ ಸಾಗುತ್ತದೆ. ಮುಗಿದ ಮಾದರಿ ಮತ್ತೆ ಬರಲು ವರ್ಷಗಳೇ ಹಿಡಿಯಬಹುದು. ಬಂದರೂ ಅದೇ ಹಿಡಿಯಲ್ಲಿ ಬರುವ ಖಾತರಿಯಿಲ್ಲ. ಪ್ರತಿ ಬಗೆಯಲ್ಲಿ ಎಷ್ಟು ಚಾಕು ತಯಾರಾದವೆಂಬ ಅಂಕಿಯನ್ನು ಕಂಪನಿಯೇ ಪ್ರಕಟಿಸುತ್ತ ಬಂದಿದೆ. ಕೆಲವು ಬಗೆಗಳಲ್ಲಿ ಅದು ಕೆಲವು ನೂರು, ಇನ್ನು ಕೆಲವದರಲ್ಲಿ ನೂರಕ್ಕೂ ಕಡಿಮೆ. ಜನಪ್ರಿಯ ಮಾದರಿ ಮಾರಾಟಗಾರರ ಬಳಿ ಬಂದ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುವುದು, ಅದೇ ಚಾಕು ಮರುದಿನ ಹರಾಜಿನಲ್ಲಿ ದುಪ್ಪಟ್ಟು ಬೆಲೆಗೆ ಕಾಣಿಸಿಕೊಳ್ಳುವುದು ಹೊಸದೇನಲ್ಲ. ಇದನ್ನು ತಡೆಯಲು ಮಾರಾಟಗಾರರು ಒಬ್ಬರಿಗೆ ಒಂದೇ ಚಾಕು ಎಂಬ ನಿಯಮ ಮಾಡಿದ್ದಾರೆ, ಚೀಟಿ ಎತ್ತಿದ್ದಾರೆ. ಬಳಸುವವನಿಗೆ ಸಿಗದ ವಸ್ತು ಮರುಮಾರಾಟ ಮಾಡುವವನಿಗೆ ಸಿಗುತ್ತದೆಂಬ ದೂರು ಮಾತ್ರ ನಿಂತಿಲ್ಲ.

ಎಲ್ಲ ‘ಮಿತ’ವೂ ಒಂದೇ ಅಲ್ಲವೆಂಬುದನ್ನು ಹೊಸಬರು ಅರಿಯುವುದು ಒಳಿತು. ಕೈಗಳ ಕೊರತೆಯಿಂದ ಉಂಟಾದ ಅಭಾವ ಒಂದು ಬಗೆ. ಸ್ವಿಟ್ಜರ್‌ಲೆಂಡಿನ ವಿಕ್ಟೊರಿನಾಕ್ಸ್ ಪ್ರತಿ ವರ್ಷ ತನ್ನ ಅಲ್ಯೂಮಿನಿಯಂ ಹಿಡಿಯ ಚಾಕುಗಳನ್ನು ಹೊಸ ಬಣ್ಣದಲ್ಲಿ ಹೊರತಂದು ವರ್ಷಾಂತ್ಯಕ್ಕೆ ನಿಲ್ಲಿಸುವುದು ಇನ್ನೊಂದು. ಅಲ್ಲಿ ಮಿತಿಯಿರುವುದು ಕಾಲಕ್ಕೆ. ಮೂರನೆಯದು ಅಲಗಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಕೆತ್ತಿ, ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಸಾವಿರಗಟ್ಟಲೆ ಮಾರುವ ‘ಸ್ಮಾರಕ ಆವೃತ್ತಿ’. ಎಲ್ಲರೂ ಜೋಪಾನ ಮಾಡಿಟ್ಟ ವಸ್ತು ಎಂದಿಗೂ ಅಪರೂಪವಾಗದು. ಈ ಕಾರಣದಿಂದ ಇಂಥವು ಕೊಂಡ ಬೆಲೆಗೂ ಮಾರಾಟವಾಗದೆ ಉಳಿಯುವುದೇ ಹೆಚ್ಚು. ಇಂದು ದುಬಾರಿಯಾಗಿರುವ ಹಳೆಯ ಚಾಕುಗಳು ಒಂದು ಕಾಲಕ್ಕೆ ಬಳಸಿ, ಸಾಣೆ ಹಿಡಿದು, ಸವೆಸಿ ಬಿಸಾಡಿದಂಥವು. ಉಳಿದ ಬೆರಳೆಣಿಕೆಯವಕ್ಕೆ ಮಾತ್ರ ಈ ಬೆಲೆ.

ಹಿಡಿಯಲ್ಲಿ ಭಾರತದ ಕಡವೆ

ಈ ಹವ್ಯಾಸಕ್ಕೆ ಭಾರತದ ನಂಟು ಇರುವುದು ಹಿಡಿಯಲ್ಲಿ. ಉತ್ತಮ ಚಾಕುಗಳಿಗೆ ಬಹುಕಾಲ ಬಳಕೆಯಾದದ್ದು ಭಾರತದ ಕಡವೆಯ ಕೊಂಬು. ಅಮೆರಿಕದ ಜಿಂಕೆಗಳ ಕೊಂಬಿನ ಒಳಗೆ ಬೆಂಡು ಹೆಚ್ಚು. ಕಡವೆಯ ಕೊಂಬು ಗಟ್ಟಿಯಾಗಿದ್ದು ಹೊರಮೈ ಒರಟಾದ ತೊಗಟೆಯಂತೆ ಹಿಡಿತಕ್ಕೆ ಒದಗುತ್ತದೆ. ಕಡವೆ ವರ್ಷಂಪ್ರತಿ ಕೊಂಬು ಉದುರಿಸುವುದರಿಂದ ಆಯ್ದು ತರುವುದು ನಿರಪಾಯವೆಂದು ವಾದಿಸಬಹುದು. ಆದರೆ ಉದುರಿದ ಕೊಂಬಿಗೂ ಬೇಟೆಯಾಡಿದ ಕೊಂಬಿಗೂ ವ್ಯತ್ಯಾಸವನ್ನು ಬಂದರಿನಲ್ಲಿ ಗುರುತಿಸುವುದು ಕಷ್ಟ. 1990ರ ದಶಕದ ಕೊನೆಯಲ್ಲಿ ಭಾರತ ಇದರ ರಫ್ತನ್ನು ನಿಷೇಧಿಸಿತು. ಅಂದಿನಿಂದ ಕಡವೆ ಕೊಂಬಿನ ಹಿಡಿಯ ಚಾಕುಗಳು ಹಳೆಯ ದಾಸ್ತಾನಿಗೆ ಸೀಮಿತವಾಗಿ, ಬೆಲೆ ಏರುತ್ತಲೇ ಹೋಯಿತು. ಚಾಕುಪ್ರಿಯರಿಗೆ ಇದು ನಷ್ಟವೆನಿಸಿದರೂ ಬಂಡೀಪುರ, ನಾಗರಹೊಳೆಯ ಕಾಡುಗಳಿರುವ ನಾಡಿನವರು ಈ ನಿಷೇಧಕ್ಕೆ ಮರುಗಬೇಕಾದ ಕಾರಣ ಕಾಣದು. ಕೇಸ್ ಚಾಕುಗಳ ಮೂಳೆಯ ಹಿಡಿಗೆ ಬಳಸುವುದು ಬ್ರೆಜಿಲ್‌ನ ಜೆಬು ದನಗಳ ಕಾಲಿನ ಮೂಳೆ. ಗೂನುಬೆನ್ನಿನ ಆ ದನಗಳ ಪೂರ್ವಜರು ಭಾರತದಿಂದ ಹಡಗೇರಿ ಹೋದವು.

ಹಳೆಯ ಸೆಲ್ಯುಲಾಯ್ಡ್ ಹಿಡಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ಕಾಲ ಕಳೆದಂತೆ ಅದು ಕೊಳೆಯುತ್ತಾ ಹೊರಸೂಸುವ ಅನಿಲ ಅದೇ ಚಾಕುವಿನ ಅಲಗನ್ನಷ್ಟೇ ಅಲ್ಲ, ಪಕ್ಕದ ಚಾಕುಗಳನ್ನೂ ತಿಂದುಹಾಕುತ್ತದೆ. ಅಂಥವನ್ನು ಪ್ರತ್ಯೇಕವಾಗಿ, ಗಾಳಿಯಾಡುವಂತೆ ಇಡಬೇಕು. ಚರ್ಮದ ಚೀಲದಲ್ಲಿ ಬಹುದಿನ ಇಟ್ಟರೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ, ಉಕ್ಕಿಗೆ ತುಕ್ಕು ಬರುತ್ತದೆ. ಇಂಗಾಲದ ಉಕ್ಕಿನ ಅಲಗು ಹಣ್ಣು ಹೆಚ್ಚಿದಂತೆಲ್ಲ ಬೂದುನೀಲಿ ಬಣ್ಣ ತಳೆಯುವುದು ದೋಷವಲ್ಲ. ಅದನ್ನು ಉಜ್ಜಿ ಹೊಳಪು ಮಾಡಿದರೆ ಬೆಲೆ ಇಳಿಯುತ್ತದೆ.

ನಕಲಿಗಳ ಹಾವಳಿಯೂ ಇದೆ. ಹಳೆಯ ಮುದ್ರೆಯಿರುವ ಮುರುಕು ಚಾಕುವಿನ ಅಲಗನ್ನು ಬೇರೆ ದೇಹಕ್ಕೆ ಕೂರಿಸುವುದು, ಸಾಧಾರಣ ಹಿಡಿ ಕಿತ್ತು ಬೆಲೆಬಾಳುವ ಹಿಡಿ ಹಾಕುವುದು, ಮುದ್ರೆಯ ಚುಕ್ಕಿಯನ್ನೇ ಉಜ್ಜಿ ತೆಗೆಯುವುದು ಇವುಗಳಲ್ಲಿ ಸಾಮಾನ್ಯ. ಎರಡು ಅಲಗುಗಳ ಸವೆತ ಬೇರೆಬೇರೆಯಾಗಿದ್ದರೆ, ರಿವೆಟ್‌ಗಳ ಸುತ್ತ ಹೊಸ ಗೀರುಗಳಿದ್ದರೆ ಕೊಳ್ಳುವವರು ಅನುಮಾನಿಸಬೇಕು.

ಕಾನೂನಿನ ಎಲ್ಲೆ

ಭಾರತದಲ್ಲಿ ಶಸ್ತ್ರಾಸ್ತ್ರ ನಿಯಮಗಳು ಮುಖ್ಯವಾಗಿ ಗಮನಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು. ಗೃಹ, ಕೃಷಿ, ವೈಜ್ಞಾನಿಕ, ಕೈಗಾರಿಕಾ ಬಳಕೆಗೆಂದು ರೂಪಿಸಿದವು ಇದರಿಂದ ಹೊರತು. ಸಾಂಪ್ರದಾಯಿಕ ಕಿಸೆ ಚಾಕುವಿನ ಅಲಗು ಸಾಮಾನ್ಯವಾಗಿ ಎರಡರಿಂದ ಮೂರೂವರೆ ಅಂಗುಲ. ಆದರೆ ಸ್ಥಳೀಯ ಅಧಿಸೂಚನೆಗಳು ಇನ್ನೂ ಕಟ್ಟುನಿಟ್ಟಾಗಿರಬಹುದು. ದೆಹಲಿಯ 1980ರ ಅಧಿಸೂಚನೆ ಗುಂಡಿ ಒತ್ತಿ ತೆರೆಯುವ 7.62 ಸೆಂಟಿಮೀಟರ್ ಉದ್ದದ ಚಾಕುವನ್ನೂ ನಿರ್ಬಂಧಿಸುತ್ತದೆ. ಹಿಂದಿ ಚಿತ್ರಗಳ ಖಳನಾಯಕರಿಂದ ಕುಖ್ಯಾತವಾದ ಉತ್ತರ ಪ್ರದೇಶದ ರಾಮಪುರಿ ಚಾಕು ಈ ಗುಂಡಿಯ ಬಗೆಗೆ ಸೇರಿದ್ದು. ಸರ್ಕಾರದ ನಿರ್ಬಂಧದಿಂದ ಅಲ್ಲಿನ ಕುಶಲಕರ್ಮಿಗಳ ಕಸುಬು ಸೊರಗಿತು. 2023ರಲ್ಲಿ ರಾಮಪುರದ ವೃತ್ತವೊಂದರಲ್ಲಿ ಬೃಹತ್ ಚಾಕುವಿನ ಪ್ರತಿಕೃತಿ ನಿಲ್ಲಿಸಿ ಆ ಹೆಸರನ್ನು ಉಳಿಸುವ ಯತ್ನ ನಡೆಯಿತು. ನಮ್ಮ ಕೊಡಗಿನ ಪೀಚೆಕತ್ತಿಯಂತೂ ಮಡಚುವ ಬಗೆಯದಲ್ಲ, ಉಡುಪಿನ ಅಂಗವಾಗಿಯೇ ಅದಕ್ಕೆ ಮಾನ್ಯತೆ.

ವಿದೇಶದಿಂದ ಇಂತಹ ಚಾಕು ತರುವವರು ವಿಮಾನದಲ್ಲಿ ಅದನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವಂತಿಲ್ಲ. ಪ್ರತ್ಯೇಕವಾಗಿ ಒಪ್ಪಿಸುವ ಸಾಮಾನಿನಲ್ಲೇ ಹಾಕಬೇಕು. ತಪಾಸಣೆಯಲ್ಲಿ ಸಿಕ್ಕಿದ ಚಾಕು ಐವತ್ತು ವರ್ಷ ಹಳೆಯದೋ, ಐವತ್ತೇ ಪ್ರತಿಗಳಲ್ಲಿ ಒಂದೋ ಎಂದು ಭದ್ರತಾ ಸಿಬ್ಬಂದಿ ವಿಚಾರಿಸುವುದಿಲ್ಲ.